ಹತ್ತು ಸಾವಿರ ರೂಪಾಯಿಯಲ್ಲಿ ಮೂವರನ್ನು ಕೆಲಸಕ್ಕೆ ಹುಡುಕುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ವಾಲ್ವ್ ಕಂಪನಿಗಳಿಗೆ ಜಾಬ್ ವರ್ಕ್ (ಅವರ ಬಿಡಿಭಾಗಗಳನ್ನು ಕೂಲಿಗೆ ತಯಾರಿಸುವ ಕೆಲಸ) ಮಾಡಿಕೊಡುತ್ತೇವೆ. ಹನ್ನೆರಡು ಕೆಲಸಗಾರರಿದ್ದಾರೆ. ಈಗ ಇಬ್ಬರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ ಯಂತ್ರ) ಆಪರೇಟರ್‌ಗಳು, ಬಿಲ್ಲು-ಲೆಕ್ಕ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ. ಕಳೆದ ಸಲ ಪೇಪರಿನಲ್ಲಿ ಬಾಕ್ಸ್ ಕಟ್ಟಿಸಿ ಜಾಹೀರಾತು ಕೊಟ್ಟೆವು. "ಪ್ರತಿಷ್ಠಿತ ಕಂಪನಿಗೆ ಅನುಭವಿ ಸಿಎನ್‌ಸಿ ಆಪರೇಟರ್‌ಗಳು ಬೇಕಾಗಿದ್ದಾರೆ. ಆಕರ್ಷಕ ಸಂಬಳ. ಕೂಡಲೇ ಸಂಪರ್ಕಿಸಿ" ಎಂದು ಬರೆಸಿದ್ದೆವು. ಫೋನ್ ಬೇಕಾದಷ್ಟು ಬಂದವು. ಕೆಲಸಕ್ಕೆ ಸೇರಿದ್ದು ಒಬ್ಬರೇ, ಅವರೂ ತಿಂಗಳೊಳಗೆ ಬಿಟ್ಟರು. ಈ ಸಲ ಹತ್ತು ಸಾವಿರಕ್ಕಿಂತ ಜಾಸ್ತಿ ಖರ್ಚು ಮಾಡುವ ಸ್ಥಿತಿ ಇಲ್ಲ. ಎಲ್ಲಿ ಜಾಹೀರಾತು ಕೊಟ್ಟರೆ ಒಳ್ಳೆಯದು?

ತಜ್ಞರ ಉತ್ತರ:

ಹತ್ತು ಸಾವಿರ ಸಾಕು. ಆದರೆ ಮೊದಲ ಎರಡು ವಾರ ಅದರಲ್ಲಿ ಒಂದು ರೂಪಾಯಿಯನ್ನೂ ಜಾಹೀರಾತಿಗೆ ಹಾಕಬೇಡಿ. ಎಲ್ಲಿ ಕೊಡಬೇಕು ಅನ್ನೋದನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಹಳೆಯ ಜಾಹೀರಾತನ್ನೇ ತೆಗೆದು ಓದಿ.

ಅದರಲ್ಲಿ ಕಂಪನಿ ಹೆಸರಿಲ್ಲ. ಊರಿನ ಯಾವ ಭಾಗ ಅಂತಿಲ್ಲ. ಸಂಬಳ ಇಲ್ಲ, ಶಿಫ್ಟ್ ಇಲ್ಲ. ಹಾಗಾಗಿ ಫೋನ್ ಮಾಡಿದವರೆಲ್ಲ ಇವನ್ನೇ ಕೇಳಿರುತ್ತಾರೆ. ಉತ್ತರ ಕೇಳಿ ಹೆಚ್ಚಿನವರು "ಆಯ್ತು ಸರ್, ಹೇಳ್ತೀನಿ" ಅಂತ ಇಟ್ಟಿರುತ್ತಾರೆ, ಅಲ್ವಾ? ಅಷ್ಟೂ ಫೋನ್‌ಗಳು ಬಂದದ್ದು ಜಾಹೀರಾತು ಚೆನ್ನಾಗಿತ್ತು ಅಂತ ಅಲ್ಲ, ಅದರಲ್ಲಿ ಏನೂ ಇರಲಿಲ್ಲ ಅಂತ.

ಇನ್ನೊಂದು ಸಂಗತಿ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಷ್ಟೊಂದು ವಾಲ್ವ್ ಕಂಪನಿಗಳಿವೆ, ಅವುಗಳ ಜಾಬ್ ವರ್ಕ್ ಮಾಡುವ ಶಾಪ್‌ಗಳಿವೆ. ಅತ್ತ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾದಂಥ ದೊಡ್ಡವರಿದ್ದಾರೆ. ಹೀಗಿರುವಾಗ ಸಿಎನ್‌ಸಿ ಓಡಿಸಲು ಬರುವ ಹುಡುಗ ಮನೆಯಲ್ಲಿ ಖಾಲಿ ಕೂತಿರುವುದು ಕಡಿಮೆ. ಅವನು ಈಗಾಗಲೇ ಯಾವುದೋ ಶಾಪಿನಲ್ಲಿ ಇದ್ದಾನೆ. ಅಂಥವನು ಹೆಸರಿಲ್ಲದ "ಪ್ರತಿಷ್ಠಿತ ಕಂಪನಿ"ಗೆ ಫೋನ್ ಮಾಡುವುದಿಲ್ಲ. ಅದು ತನ್ನ ಮಾಲೀಕರದೇ ನಂಬರ್ ಆಗಿದ್ದರೆ ಅನ್ನುವ ಹೆದರಿಕೆಯೂ ಇರುತ್ತದೆ! ಅವನು ಕೆಲಸ ಬದಲಿಸುವುದು ಕೆಲವೇ ಕಾರಣಗಳಿಗೆ: ಎರಡು ಸಾವಿರ ಜಾಸ್ತಿ ಸಂಬಳ, ಮನೆಗೆ ಹತ್ತಿರ, ರಾತ್ರಿ ಪಾಳಿ ಇಲ್ಲ, ಸಂಬಳ ಸರಿಯಾದ ತಾರೀಖಿಗೆ, ಒಟಿ ದುಡ್ಡು ಲೆಕ್ಕದ ಪ್ರಕಾರ. ಚಹಾ ಕುಡಿಯುತ್ತ ಗೆಳೆಯನ ಹತ್ತಿರ ಇವನ್ನೇ ಕೇಳುತ್ತಾನೆ. ಹಾಗಾಗಿ ಜಾಹೀರಾತಿನಲ್ಲೂ ಇವೇ ಇರಬೇಕು. ನಾನಾದರೆ ಹೀಗೆ ಬರೆಯುತ್ತೇನೆ. ಅಂಕಿಗಳು ಮಾದರಿ ಅಷ್ಟೇ, ನಿಮ್ಮವನ್ನು ಹಾಕಿಕೊಳ್ಳಿ.

ಸಿಎನ್‌ಸಿ ಟರ್ನಿಂಗ್ ಆಪರೇಟರ್: 2 ಜನ
ಸ್ಥಳ: ತಾರಿಹಾಳ ಕೈಗಾರಿಕಾ ಪ್ರದೇಶ, ಹುಬ್ಬಳ್ಳಿ (ನಿಮ್ಮ ಕಂಪನಿ ಹೆಸರು, ಹತ್ತಿರದ ಬಸ್ ಸ್ಟಾಪ್)
ಕೆಲಸ: ವಾಲ್ವ್ ಬಿಡಿಭಾಗಗಳ ಟರ್ನಿಂಗ್, ಫಾನಕ್ ಕಂಟ್ರೋಲ್. ಡ್ರಾಯಿಂಗ್ ಓದಲು, ಆಫ್‌ಸೆಟ್ ಕೊಡಲು, ಮೈಕ್ರೋಮೀಟರ್ ಹಿಡಿಯಲು ಬರಬೇಕು. ಪ್ರೋಗ್ರಾಮಿಂಗ್ ಬರದಿದ್ದರೆ ಕಲಿಸುತ್ತೇವೆ.
ಅನುಭವ: 1 ವರ್ಷ. ಐಟಿಐ, ಡಿಪ್ಲೊಮಾ, ಜಿಟಿಟಿಸಿ ಯಾವುದಾದರೂ ಸರಿ.
ಸಂಬಳ: ತಿಂಗಳಿಗೆ 17,000ದಿಂದ 20,000. ಇಎಸ್‌ಐ ಇದೆ. ಒಟಿಗೆ ದುಪ್ಪಟ್ಟು. 7ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ.
ಸಮಯ: ಬೆಳಿಗ್ಗೆ 8ರಿಂದ 4:30. ತಿಂಗಳಲ್ಲಿ ಒಂದು ವಾರ ಎರಡನೇ ಪಾಳಿ. ಭಾನುವಾರ ರಜೆ.
ಈ ಕೆಲಸಕ್ಕೆ ಯಾರಿಗೂ ಹಣ ಕೊಡಬೇಕಿಲ್ಲ.
ನಿಮ್ಮ ಹೆಸರು, ಊರು, ಈಗ ಓಡಿಸುತ್ತಿರುವ ಮಷಿನ್ ಯಾವುದು, ಇಷ್ಟನ್ನು ವಾಟ್ಸ್‌ಆ್ಯಪ್ ಮಾಡಿ. ಫೋನ್ ಸಂಜೆ 6ರಿಂದ 8.

"ಸಂಬಳ ಬರೆದರೆ ನಮ್ಮಲ್ಲಿ ಇರುವವರಿಗೆ ಗೊತ್ತಾಗುತ್ತಲ್ಲ" ಎಂದು ಬಹಳ ಮಾಲೀಕರು ಕೇಳುತ್ತಾರೆ. ಬರೆಯದಿದ್ದರೂ ಗೊತ್ತಾಗುತ್ತದೆ. ಹೊಸಬ ಸೇರಿದ ಎರಡನೇ ದಿನವೇ ಊಟಕ್ಕೆ ಕೂತಾಗ ಎಲ್ಲ ಹೊರಬರುತ್ತದೆ. ನಾಲ್ಕು ವರ್ಷದಿಂದ ಇರುವವನಿಗೆ 16,000, ಹೊಸಬನಿಗೆ 18,000 ಅಂತ ಇದ್ದರೆ ಮೊದಲು ಹಳಬನದನ್ನು ಸರಿ ಮಾಡಿ. ಇಲ್ಲದಿದ್ದರೆ ಇಬ್ಬರನ್ನು ತರಲು ಹೋಗಿ ಮೂವರಿಗೆ ಜಾಹೀರಾತು ಕೊಡುವ ಪರಿಸ್ಥಿತಿ ಬರುತ್ತದೆ. ಸಂಬಳ ಏರಿಸಲು ಆಗುವುದೇ ಇಲ್ಲ ಎಂದಾದರೆ ಬೇರೆ ಯಾವುದರಲ್ಲಿ ನೀವು ಮುಂದಿದ್ದೀರಿ ಎಂದು ನೋಡಿ. ರಾತ್ರಿ ಪಾಳಿ ಇಲ್ಲ, ಪ್ರೋಗ್ರಾಮಿಂಗ್ ಕಲಿಸುತ್ತೇವೆ, ಇವು ಸಣ್ಣ ಶಾಪಿನ ದೊಡ್ಡ ಬಲ. ದೊಡ್ಡ ಕಂಪನಿಯಲ್ಲಿ ಹುಡುಗ ವರ್ಷಗಟ್ಟಲೆ ಒಂದೇ ಭಾಗವನ್ನು ಲೋಡ್ ಮಾಡಿ ಇಳಿಸುತ್ತಿರುತ್ತಾನೆ. ನಿಮ್ಮಲ್ಲಿ ಸೆಟ್ಟಿಂಗ್ ಕಲಿಯುತ್ತಾನೆ. ಅದನ್ನು ಬರೆಯಿರಿ, ಬರೆದ ಮೇಲೆ ಕಲಿಸಿ.

ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ಬಗ್ಗೆ ಒಂದು ಮಾತು. ಹತ್ತು ಮತ್ತು ಹೆಚ್ಚು ಕೆಲಸಗಾರರಿರುವ ಘಟಕಕ್ಕೆ ಅದು ಅನ್ವಯಿಸುತ್ತದೆ, ತಿಂಗಳ ವೇತನ 21,000ದವರೆಗೆ ಇರುವವರಿಗೆ. ಕಾರ್ಮಿಕನ ಪಾಲು ಶೇ 0.75, ನಿಮ್ಮದು ಶೇ 3.25. ಹೇಗೂ ಕಟ್ಟುತ್ತಿದ್ದೀರಿ, ಹಾಗಿದ್ದರೆ ಜಾಹೀರಾತಿನಲ್ಲಿ ಯಾಕೆ ಹೇಳಬಾರದು? ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇರುವ ಹುಡುಗನಿಗೆ ಅದು ಐನೂರು ರೂಪಾಯಿ ಸಂಬಳಕ್ಕಿಂತ ದೊಡ್ಡದು. ಒಟಿಗೆ ದುಪ್ಪಟ್ಟು ದರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಆದರೂ ಎಷ್ಟೋ ಕಡೆ ಕೊಡುವುದಿಲ್ಲ. ನೀವು ಕೊಡುವವರಾದರೆ ಅದೂ ಬರೆಯುವ ವಿಷಯವೇ.

"ಹಣ ಕೊಡಬೇಕಿಲ್ಲ" ಎಂಬ ಸಾಲು ವಿಚಿತ್ರ ಅನ್ನಿಸಬಹುದು. ಕೆಲಸ ಕೊಡಿಸುತ್ತೇವೆ ಎಂದು ನೋಂದಣಿ ಫೀ, ಯೂನಿಫಾರ್ಮ್ ಫೀ ಕಿತ್ತುಕೊಳ್ಳುವವರು ಜಾಸ್ತಿ ಆಗಿದ್ದಾರೆ. ಜನ ಯಾವ ಜಾಹೀರಾತು ಕಂಡರೂ ಮೊದಲು ಅನುಮಾನ ಪಡುತ್ತಾರೆ. ಕಂಪನಿ ಹೆಸರು, ವಿಳಾಸ ಮತ್ತು ಈ ಒಂದು ಸಾಲು ಸೇರಿದರೆ ನಂಬಿಕೆ ಬರುತ್ತದೆ. ಆಧಾರ್, ಫೋಟೊ, ಮಾರ್ಕ್ಸ್ ಕಾರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕೇಳಲೇಬೇಡಿ. ಮೋಸ ಮಾಡುವವರೂ ಮೊದಲು ಅದನ್ನೇ ಕೇಳುತ್ತಾರೆ. ಕೆಲಸಕ್ಕೆ ಸೇರುವ ದಿನ ತಂದರೆ ಸಾಕು.

"ಪುರುಷರು ಮಾತ್ರ" ಎಂದೂ ಬರೆಯಬೇಡಿ. ಒಂದೇ ಬಗೆಯ ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಣ್ಣು-ಗಂಡು ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಅದು ಇದೆ. ಕಾನೂನು ಬಿಡಿ, ಜನ ಸಿಗುತ್ತಿಲ್ಲ ಎನ್ನುವಾಗ ಅರ್ಧ ಊರನ್ನು ಯಾಕೆ ಬಿಡಬೇಕು? ಐಟಿಐ, ಡಿಪ್ಲೊಮಾ ಮಾಡಿದ ಹೆಣ್ಣುಮಕ್ಕಳು ಸಿಎನ್‌ಸಿ ಓಡಿಸುತ್ತಿದ್ದಾರೆ. ಲೆಕ್ಕದ ಕೆಲಸಕ್ಕೆ "ಮಹಿಳೆಯರು ಮಾತ್ರ" ಎಂದು ಹಾಕುವ ಅಭ್ಯಾಸವೂ ನಮ್ಮಲ್ಲಿದೆ. ಅದಕ್ಕೂ ಇದೇ ಮಾತು.

ಈಗ ನಿಮ್ಮ ಪ್ರಶ್ನೆಗೆ ಬರೋಣ, ಎಲ್ಲಿ ಕೊಡಬೇಕು?

ಮೊದಲು ನಿಮ್ಮ ಹನ್ನೆರಡು ಜನರ ಕೈಗೆ. ಅವರಿಗೆಲ್ಲ ಬೇರೆ ಶಾಪ್‌ಗಳಲ್ಲಿ ಗೆಳೆಯರಿದ್ದಾರೆ, ಜೊತೆಗೆ ಓದಿದವರ ವಾಟ್ಸ್‌ಆ್ಯಪ್ ಗ್ರೂಪ್‌ಗಳಿವೆ. ಮೇಲಿನ ಜಾಹೀರಾತನ್ನು ಒಂದು ಚಿತ್ರ ಮಾಡಿ ಕಳಿಸಿ, ಎಲ್ಲರೂ ಸ್ಟೇಟಸ್‌ಗೆ ಹಾಕಲಿ. ಸ್ಟೇಟಸ್ 24 ಗಂಟೆಗೆ ಹೋಗಿಬಿಡುತ್ತದೆ, ಹಾಗಾಗಿ ಮೂರು ದಿನ ಹಾಕಲು ಹೇಳಿ. ಕರೆತಂದವರಿಗೆ 2,500 ರೂಪಾಯಿ ಎಂದು ಎಲ್ಲರ ಎದುರಿಗೆ ಹೇಳಿ. ಅದನ್ನು ಒಟ್ಟಿಗೆ ಕೊಡಬೇಡಿ. ಹೊಸಬ ಒಂದು ತಿಂಗಳು ಮುಗಿಸಿದಾಗ 1,000, ಮೂರು ತಿಂಗಳು ಮುಗಿಸಿದಾಗ 1,500. ಆಗ ಕರೆತಂದವನೇ ಹೊಸಬನನ್ನು ನೋಡಿಕೊಳ್ಳುತ್ತಾನೆ, ಬಸ್ ತೋರಿಸುತ್ತಾನೆ, ರೂಮು ಹುಡುಕಿಕೊಡುತ್ತಾನೆ. ಕೆಲಸಕ್ಕೆ ಬಂದು ತಿಂಗಳಲ್ಲಿ ಬಿಡುವ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಇದರಲ್ಲೂ ಒಂದು ತೊಡಕಿದೆ. ಒಂದೇ ಹಳ್ಳಿಯವರೇ ನಾಲ್ಕೈದು ಜನ ಸೇರಿಬಿಟ್ಟರೆ ಊರ ಜಾತ್ರೆಯ ದಿನ ನಿಮ್ಮ ಶಾಪಿಗೂ ಜಾತ್ರೆಯ ರಜೆ! ಬಿತ್ತನೆ, ಮದುವೆ ಎಲ್ಲಕ್ಕೂ ಹಾಗೇ. ಇಬ್ಬರನ್ನೂ ಒಬ್ಬನ ಕೈಯಿಂದಲೇ ತೆಗೆದುಕೊಳ್ಳಬೇಡಿ.

ನಿಮ್ಮವರ ಆಚೆಗೂ ಸುದ್ದಿ ಹರಡುವ ಕೆಲವರಿದ್ದಾರೆ. ಟೂಲ್, ಇನ್ಸರ್ಟ್ ಮಾರಲು ಬರುವವರು, ಮಷಿನ್ ಸರ್ವಿಸ್‌ಗೆ ಬರುವ ಇಂಜಿನಿಯರ್, ಕಾಸ್ಟಿಂಗ್ ತರುವ ಟೆಂಪೊ ಡ್ರೈವರ್. ಇವರು ದಿನಕ್ಕೆ ಹತ್ತು ಶಾಪ್ ಸುತ್ತುತ್ತಾರೆ. ಯಾವ ಶಾಪಿನಲ್ಲಿ ಆರ್ಡರ್ ಕಡಿಮೆ ಆಗಿದೆ, ಎಲ್ಲಿ ಎರಡು ತಿಂಗಳ ಸಂಬಳ ಬಾಕಿ ಇದೆ, ಎಲ್ಲ ಗೊತ್ತಿರುತ್ತದೆ. ಜಾಹೀರಾತಿನ ಚಿತ್ರವನ್ನು ಅವರಿಗೂ ಕಳಿಸಿ. ಚೆನ್ನಾಗಿ ಹೇಳಿ ಬಿಟ್ಟು ಹೋದ ಹಳೆಯ ಕೆಲಸಗಾರರಿಗೂ ಒಂದು ಫೋನ್ ಹಾಕಿ. ಆದರೆ ನಿಮಗೆ ಜಾಬ್ ವರ್ಕ್ ಕೊಡುವ ವಾಲ್ವ್ ಕಂಪನಿಯ ಆಪರೇಟರ್‌ಗೆ ಮಾತ್ರ ಕೈ ಹಾಕಬೇಡಿ. ಒಬ್ಬ ಆಪರೇಟರ್ ಸಿಗುತ್ತಾನೆ, ಆರ್ಡರ್ ಹೋಗುತ್ತದೆ.

ಆಮೇಲೆ ತರಬೇತಿ ಸಂಸ್ಥೆಗಳು. ಹುಬ್ಬಳ್ಳಿಯ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ), ಹುಬ್ಬಳ್ಳಿ-ಧಾರವಾಡದ ಸರ್ಕಾರಿ ಮತ್ತು ಖಾಸಗಿ ಐಟಿಐಗಳು. ಇಮೇಲ್ ಕಳಿಸಿ ಸುಮ್ನೆ ಕಾಯಬೇಡಿ, ಖುದ್ದಾಗಿ ಹೋಗಿ. ಪ್ಲೇಸ್‌ಮೆಂಟ್ ನೋಡಿಕೊಳ್ಳುವವರನ್ನು ಕಾಣಿ, ಆದರೆ ಅವರಿಗಿಂತ ಮುಖ್ಯ ಟರ್ನರ್, ಮಷಿನಿಸ್ಟ್ ಟ್ರೇಡ್ ಕಲಿಸುವ ಜೆಟಿಒಗಳು (ಕಿರಿಯ ತರಬೇತಿ ಅಧಿಕಾರಿಗಳು). ಎರಡು-ಮೂರು ವರ್ಷದ ಹಿಂದೆ ಪಾಸಾದ ಹುಡುಗರ ಗ್ರೂಪ್ ಅವರ ಫೋನಿನಲ್ಲಿ ಇರುತ್ತದೆ. ನಿಮಗೆ ಬೇಕಾದದ್ದು ಅನುಭವ ಇರುವವರು ತಾನೆ? ಅವರು ಆ ಗ್ರೂಪಿನಲ್ಲಿದ್ದಾರೆ. ಹೊಸದಾಗಿ ಪಾಸಾಗುವವರು ಬೇಕಾದರೆ ಕಾಲ ನೋಡಿಕೊಂಡು ಹೋಗಬೇಕು. ಐಟಿಐ ಪರೀಕ್ಷೆಗಳು ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ ನಡೆಯುತ್ತವೆ. ಆ ಹೊತ್ತಿಗೆ ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ಬಂದು ಒಟ್ಟೊಟ್ಟಿಗೆ ಹತ್ತಾರು ಜನರನ್ನು ಕರೆದೊಯ್ಯುತ್ತವೆ. ಅವರ ಜೊತೆ ಪೈಪೋಟಿಗೆ ನಿಲ್ಲಬೇಡಿ. ಎರಡು-ಮೂರು ತಿಂಗಳು ಬಿಟ್ಟು ಹೋಗಿ. ಬೆಂಗಳೂರಿಗೆ, ಪುಣೆಗೆ ಹೋಗಿ ರೂಮಿನ ಬಾಡಿಗೆ ಕಟ್ಟಲಾರದೆ ವಾಪಸ್ ಬಂದವರು ಆಗ ಸಿಗುತ್ತಾರೆ. ಅವರು ಊರಲ್ಲೇ ಇರಬೇಕೆಂದು ನಿರ್ಧಾರ ಮಾಡಿಕೊಂಡೇ ಬಂದಿರುತ್ತಾರೆ. ದೀಪಾವಳಿ ಬೋನಸ್ ಕೈಗೆ ಬಂದ ಮೇಲೂ ಕೆಲಸ ಬದಲಿಸುವವರು ಜಾಸ್ತಿ. ಹಬ್ಬದ ಮುಂಚಿನ ತಿಂಗಳು ಎಷ್ಟು ದುಡ್ಡು ಹಾಕಿದರೂ ಯಾರೂ ಅಲುಗಾಡುವುದಿಲ್ಲ.

ಹಳೆಯ ದಾರಿಗಳನ್ನು ಕಡೆಗಣಿಸಬೇಡಿ. ತಾರಿಹಾಳ, ಗೋಕುಲ ರಸ್ತೆ ಕಡೆ ರೂಮು ಮಾಡಿಕೊಂಡಿರುವ ಹುಡುಗರು ಊಟಕ್ಕೆ ಹೋಗುವ ಖಾನಾವಳಿಗಳಿವೆ, ಚಹಾದಂಗಡಿಗಳಿವೆ. ಮಾಲೀಕರನ್ನು ಕೇಳಿ ಒಳಗೆ ಒಂದು ಹಾಳೆ ಅಂಟಿಸಿ. ನಿಮ್ಮ ಗೇಟಿನ ಮೇಲೆ ಒಂದು ಫ್ಲೆಕ್ಸ್ ಹಾಕಿ. ಪಕ್ಕದ ಶಾಪಿನವರು ದಿನಾ ಅದರ ಮುಂದೆಯೇ ಹಾದು ಹೋಗುತ್ತಾರೆ. ಬಸ್ ಸ್ಟ್ಯಾಂಡ್ ಗೋಡೆ, ಕರೆಂಟ್ ಕಂಬಕ್ಕೆ ಮಾತ್ರ ಅಂಟಿಸಬೇಡಿ. ಸಾರ್ವಜನಿಕ ಜಾಗವನ್ನು ವಿರೂಪಗೊಳಿಸುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದ ಇದೆ, ಪೋಸ್ಟರ್ ಮೇಲೆ ನಿಮ್ಮ ಫೋನ್ ನಂಬರೂ ಇರುತ್ತದೆ.

ಸರ್ಕಾರದ ಉಚಿತ ಜಾಲತಾಣಗಳಿವೆ. ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ 2015ರಿಂದ ನಡೆಯುತ್ತಿದೆ, ರಾಜ್ಯದ್ದು ಸ್ಕಿಲ್ ಕನೆಕ್ಟ್. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೂ ತಿಳಿಸಬಹುದು. ಇಷ್ಟು ಸಣ್ಣ ಘಟಕಕ್ಕೆ ಅದು ಕಡ್ಡಾಯವಲ್ಲ, ಮತ್ತು ಅವರು ಕಳಿಸಿದವರನ್ನೇ ತೆಗೆದುಕೊಳ್ಳಬೇಕು ಅಂತಲೂ ಇಲ್ಲ. ಅನುಭವಿ ಆಪರೇಟರ್ ಇಲ್ಲಿಂದ ಬರುವುದು ಅಪರೂಪ ಅನ್ನೋದು ನನ್ನ ಅಭಿಪ್ರಾಯ. ಲೆಕ್ಕದವರು ಬರುತ್ತಾರೆ. ಅರ್ಧ ಗಂಟೆಯ ಕೆಲಸ, ದುಡ್ಡಿಲ್ಲ, ಹಾಕಿಬಿಡಿ.

ಅಪ್ನಾ, ವರ್ಕ್‌ಇಂಡಿಯಾ, ಇಂಡೀಡ್‌ನಂಥ ಆ್ಯಪ್‌ಗಳಿಗೂ ಇದೇ ಮಾತು. ಉಚಿತವಾಗಿ ಎಷ್ಟು ಹಾಕಬಹುದು ಎಂಬ ನಿಯಮ ಆಗಾಗ ಬದಲಾಗುತ್ತದೆ, ಹಾಕುವ ದಿನ ನೋಡಿಕೊಳ್ಳಿ. ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುತ್ತದೆ, ಹಾಗಾಗಿ ಎಲ್ಲರೂ ಒತ್ತುತ್ತಾರೆ. ಇಂಟರ್‌ವ್ಯೂಗೆ ಬರುತ್ತೇನೆ ಎಂದವರಲ್ಲಿ ಅರ್ಧ ಜನ ಬರುವುದಿಲ್ಲ ಎಂದು ಮೊದಲೇ ಅಂದುಕೊಂಡಿರಿ. ನೌಕ್ರಿಯಂಥ ಕಡೆ ದುಡ್ಡು ಕೊಟ್ಟು ಹಾಕುವುದು ಈ ಮೂರು ಹುದ್ದೆಗೆ ಬೇಡವೇ ಬೇಡ.

ಇಷ್ಟು ಮಾಡಿ ಎರಡು ವಾರ ಆದರೂ ಸರಿಯಾದವರು ಸಿಗದಿದ್ದರೆ ಆಗ ದುಡ್ಡು ತೆಗೆಯಿರಿ. ನಾನು ಮೊದಲು ಹಾಕುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ. ದಿನಕ್ಕೆ 200 ರೂಪಾಯಿಯಂತೆ ಏಳು ದಿನ, 1,400. ಒತ್ತಿದರೆ ನೇರವಾಗಿ ನಿಮ್ಮ ವಾಟ್ಸ್‌ಆ್ಯಪ್ ತೆರೆಯುವಂಥ ಜಾಹೀರಾತನ್ನೇ ಆರಿಸಿ. ಇಡೀ ಕರ್ನಾಟಕಕ್ಕೆ ತೋರಿಸಬೇಡಿ. ಹುಬ್ಬಳ್ಳಿ ಮತ್ತು ಬಸ್ಸಿನಲ್ಲಿ ದಿನಾ ಬಂದು ಹೋಗಬಹುದಾದ ಕುಂದಗೋಳ, ಕಲಘಟಗಿಯಷ್ಟು ಸಾಕು. ಧಾರವಾಡದಿಂದ ಆಚೆಯವರಿಗೆ ಬೇಲೂರೇ ಹತ್ತಿರ, ಅವರು ನಿಮ್ಮಲ್ಲಿಗೆ ಬಂದರೂ ನಿಲ್ಲುವುದು ಕಷ್ಟ. ಡಿಸೈನರ್ ಹತ್ತಿರ ಹೋಗಬೇಡಿ. ಫೋನಿನಲ್ಲೇ ಅರ್ಧ ನಿಮಿಷದ ವಿಡಿಯೊ ತೆಗೆಯಿರಿ: ಮಷಿನ್ ಓಡುತ್ತಿರಲಿ, ನಿಮ್ಮ ಹಳೆಯ ಆಪರೇಟರ್ ಒಬ್ಬರು ಸಂಬಳ, ಸಮಯ, ಜಾಗ ಹೇಳಲಿ. ಹುಡುಗರು ಮೊದಲು ನೋಡುವುದು ಮಷಿನ್ ಯಾವುದು, ಶಾಪ್ ಸ್ವಚ್ಛವಾಗಿದೆಯಾ ಅನ್ನೋದನ್ನು.

ಪೇಪರ್ ಜಾಹೀರಾತು ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಬಾಕ್ಸ್ ಬೇಡ. ಭಾನುವಾರದ ಕ್ಲಾಸಿಫೈಡ್‌ನಲ್ಲಿ ನಾಲ್ಕು ಸಾಲು, ಹುಬ್ಬಳ್ಳಿ ಆವೃತ್ತಿಗೆ ಮಾತ್ರ. ಸಂಯುಕ್ತ ಕರ್ನಾಟಕ, ವಿಜಯವಾಣಿ, ಪ್ರಜಾವಾಣಿ, ವಿಜಯ ಕರ್ನಾಟಕ ಎಲ್ಲಕ್ಕೂ ಹುಬ್ಬಳ್ಳಿ ಆವೃತ್ತಿ ಇದೆ. ನಿಮ್ಮ ಆವೃತ್ತಿಯ ದರ ಬೇರೆ ಕೇಳಿ, ಏಜೆಂಟರು ರಾಜ್ಯದ ದರ ಮೊದಲು ಹೇಳುತ್ತಾರೆ. ಇದು ಲೆಕ್ಕದ ಹುದ್ದೆಗೆ. ಪೇಪರ್ ಓದುವುದು ತಂದೆ, ಕೆಲಸಕ್ಕೆ ಬರುವುದು ಮಗಳೋ ಸೊಸೆಯೋ. ಆಪರೇಟರ್ ಹುದ್ದೆಗೆ ಪೇಪರ್ ಕೊನೆಯ ದಾರಿ.

ಆ ಲೆಕ್ಕದ ಹುದ್ದೆ ಪೂರ್ತಿ ದಿನದ್ದೇ ಆಗಬೇಕಾ, ಒಮ್ಮೆ ಯೋಚಿಸಿ. ಹನ್ನೆರಡು ಜನರ ಘಟಕಕ್ಕೆ ಟ್ಯಾಲಿ ಎಂಟ್ರಿ, ಡೆಲಿವರಿ ಚಲನ್, ಇ-ವೇ ಬಿಲ್, ಜಿಎಸ್‌ಟಿಗೆ ಬೇಕಾದ ಕಾಗದ, ಸಂಬಳದ ಲೆಕ್ಕ ಇಷ್ಟೇ ಇದ್ದರೆ ದಿನಕ್ಕೆ ನಾಲ್ಕೈದು ಗಂಟೆ ಸಾಕಾಗಬಹುದು. "ಬೆಳಿಗ್ಗೆ 10ರಿಂದ 2:30" ಎಂದು ಬರೆದು ನೋಡಿ. ಬಿ.ಕಾಂ ಮಾಡಿ, ಕೆಲಸದ ಅನುಭವವೂ ಇದ್ದು, ಮಕ್ಕಳ ಶಾಲೆ ಸಮಯಕ್ಕೆ ಮನೆಗೆ ಹೋಗಬೇಕಾದ ಎಷ್ಟೋ ಹೆಣ್ಣುಮಕ್ಕಳು ಇಂಥದ್ದನ್ನೇ ಹುಡುಕುತ್ತಿರುತ್ತಾರೆ. ಪೂರ್ತಿ ದಿನದ ಸಂಬಳದಲ್ಲಿ ಸಿಗದಷ್ಟು ಅನುಭವ ಅರ್ಧ ದಿನದ ಸಂಬಳದಲ್ಲಿ ಸಿಗುತ್ತದೆ. ನಿಮ್ಮ ಆಡಿಟರ್ ಆಫೀಸಿನಲ್ಲೂ ಕೇಳಿ. ಅಲ್ಲಿ ಒಂದೆರಡು ವರ್ಷ ಪಳಗಿ ಹೊರಬರುವವರು ಇರುತ್ತಾರೆ.

ಹಣದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಇಬ್ಬರು ಆಪರೇಟರ್‌ಗಳನ್ನು ಕರೆತಂದವರಿಗೆ 5,000. ಫೇಸ್‌ಬುಕ್‌ಗೆ 1,400. ಕ್ಲಾಸಿಫೈಡ್‌ಗೆ 1,500ರ ಮಿತಿ. ಫ್ಲೆಕ್ಸ್, ಝೆರಾಕ್ಸ್, ಐಟಿಐಗಳಿಗೆ ಓಡಾಡುವ ಪೆಟ್ರೋಲ್‌ಗೆ 600. ಉಳಿದದ್ದರಲ್ಲಿ 1,000ವನ್ನು ಟ್ರಯಲ್‌ಗೆ ಬಂದವರಿಗೆ ಕೊಡಲು ಇಡಿ. ಮೂವರೂ ನಿಮ್ಮವರ ಕಡೆಯಿಂದಲೇ ಬಂದರೆ 7,500 ಅಲ್ಲೇ ಹೋಗುತ್ತದೆ, ಆಗ ಫೇಸ್‌ಬುಕ್ಕೂ ಬೇಡ, ಪೇಪರೂ ಬೇಡ.

ಟ್ರಯಲ್‌ಗೆ ದುಡ್ಡು ಯಾಕೆ ಎಂದರೆ, ಆಪರೇಟರ್‌ನನ್ನು ಮಾತಿನಲ್ಲಿ ಅಳೆಯಲು ಆಗುವುದಿಲ್ಲ. ಅರ್ಧ ದಿನ ಮಷಿನ್ ಮುಂದೆ ನಿಲ್ಲಿಸಿ, ಒಂದು ಡ್ರಾಯಿಂಗ್ ಕೊಡಿ, ಒಂದು ಪೀಸ್ ಮಾಡಿಸಿ. ಅಳತೆ ತಪ್ಪಿದಾಗ ಆಫ್‌ಸೆಟ್ ಹೇಗೆ ಸರಿ ಮಾಡುತ್ತಾನೆ ನೋಡಿ, ಅಷ್ಟರಲ್ಲಿ ಗೊತ್ತಾಗುತ್ತದೆ. ಅವನು ತನ್ನ ಕೆಲಸಕ್ಕೆ ರಜೆ ಹಾಕಿ ಬಂದಿರುತ್ತಾನೆ. ಆಯ್ಕೆ ಆಗಲಿ ಬಿಡಲಿ, ಅರ್ಧ ದಿನದ ಕೂಲಿ ಕೊಟ್ಟು ಕಳಿಸಿ. ಆಯ್ಕೆ ಆಗದವನೂ ಹೊರಗೆ ಹೋಗಿ ನಿಮ್ಮ ಬಗ್ಗೆ ಒಳ್ಳೆಯ ಮಾತು ಆಡುತ್ತಾನೆ.

ದುಡ್ಡು ಜಾಸ್ತಿ ಸೋರುವುದು ಫೋನಿನಲ್ಲಿ. ಜಾಹೀರಾತಿಗೆ ಒಂದೇ ನಂಬರ್ ಕೊಡಿ, ಅದನ್ನು ಒಬ್ಬರೇ ನೋಡಿಕೊಳ್ಳಲಿ. ಮಷಿನ್ ಸದ್ದಿನಲ್ಲಿ ನಿಂತು "ಆಮೇಲೆ ಮಾಡಿ" ಅನ್ನುವ ಹಾಗಿದ್ದರೆ ಜಾಹೀರಾತು ಕೊಡದಿರುವುದೇ ಒಳ್ಳೆಯದು. ಬಂದ ಮೆಸೇಜಿಗೆ ಅದೇ ದಿನ ಉತ್ತರ ಹೋಗಬೇಕು, ಒಲ್ಲೆ ಎನ್ನುವುದಾದರೂ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಜಾಹೀರಾತು ಎಲ್ಲಿ ನೋಡಿದರು, ಟ್ರಯಲ್‌ಗೆ ಬಂದರಾ, ಸೇರಿದರಾ, ಮೂರು ತಿಂಗಳ ಮೇಲೆ ಇದ್ದಾರಾ ಎಂದು ಗೆರೆ ಹಾಕಿ ಬರೆದಿಡಿ. ಮುಂದಿನ ಸಲ ನನ್ನಂಥವರನ್ನು ಕೇಳುವ ಬದಲು ಆ ಪುಸ್ತಕವನ್ನೇ ನೋಡಬಹುದು.

ಹಾಗೆಯೇ ಕಳೆದ ಸಲ ತಿಂಗಳಲ್ಲಿ ಬಿಟ್ಟು ಹೋದರಲ್ಲ, ಅವರಿಗೆ ಇವತ್ತೇ ಒಂದು ಫೋನ್ ಮಾಡಿ. ಜಗಳಕ್ಕಲ್ಲ, ಯಾಕೆ ಬಿಟ್ಟಿರಿ ಅಂತ ಕೇಳಲು. ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು ಎಂದೋ, ಸೂಪರ್‌ವೈಸರ್ ಬಾಯಿ ಸರಿ ಇಲ್ಲ ಎಂದೋ ಉತ್ತರ ಬಂದರೆ ಅದನ್ನು ಯಾವ ಜಾಹೀರಾತೂ ಸರಿ ಮಾಡುವುದಿಲ್ಲ.

ತಿಂಗಳಾದರೂ ಒಬ್ಬ ಆಪರೇಟರ್ ಮಾತ್ರ ಸಿಕ್ಕರೆ ಎರಡನೆಯವರ ಜಾಗಕ್ಕೆ ಅಪ್ರೆಂಟಿಸ್ (ಸ್ಟೈಪೆಂಡ್ ಪಡೆದು ಕೆಲಸ ಕಲಿಯುವವರು) ತೆಗೆದುಕೊಳ್ಳಿ. ಅಪ್ರೆಂಟಿಸ್ ಕಾಯ್ದೆ ಪ್ರಕಾರ ಮೂವತ್ತು ಮತ್ತು ಹೆಚ್ಚು ಜನ ಇರುವ ಕಡೆ ಅದು ಕಡ್ಡಾಯ, ನಿಮ್ಮಂಥವರಿಗೆ ಐಚ್ಛಿಕ. ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25ನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಸರ್ಕಾರ ಕೊಡುತ್ತದೆ. ಮೊದಲ ಕೆಲವು ತಿಂಗಳು ಅವರಿಂದ ಉತ್ಪಾದನೆ ಕಡಿಮೆಯೇ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಅಪ್ರೆಂಟಿಸ್ ಜಾಲತಾಣದಲ್ಲಿ ಕಂಪನಿ ನೋಂದಣಿ, ಕರಾರು ಇವಕ್ಕೆಲ್ಲ ಸಮಯ ಹಿಡಿಯುತ್ತದೆ. ಹಾಗಾಗಿ ತಿಂಗಳು ಮುಗಿಯುವವರೆಗೆ ಕಾಯದೆ ನೋಂದಣಿಯನ್ನು ಈ ವಾರವೇ ಮಾಡಿಟ್ಟುಕೊಳ್ಳಿ. ಜಿಟಿಟಿಸಿಗೆ ಹೇಗೂ ಹೋಗುತ್ತೀರಲ್ಲ, ಅಪ್ರೆಂಟಿಸ್ ವಿಷಯವನ್ನೂ ಅಲ್ಲೇ ಕೇಳಿಕೊಂಡು ಬನ್ನಿ.